ಹಗಲಿನಲ್ಲಿ ಕಡಲಿಗಿಳಿದ ಸಿಡ್ನಿ

ಕಚೇರಿಗೆ ಹೊರಡುವ ಮುನ್ನ ಕಡಲಿನಲ್ಲಿ ಈಜಿ ಬರುವುದು ಇಂದು ಸಿಡ್ನಿಯ ಎಷ್ಟೋ ಮಂದಿಗೆ ಮಾಮೂಲು. ಆದರೆ 19ನೇ ಶತಮಾನದಲ್ಲಿ ಹಗಲು ಹೊತ್ತು ಅಲ್ಲಿ ನೀರಿಗಿಳಿಯುವುದು ಕಾನೂನುಬಾಹಿರವಾಗಿತ್ತು.

1902ರಲ್ಲಿ ಸಿಡ್ನಿಯ ಕಡಲತೀರದ ಬಡಾವಣೆ ಮ್ಯಾನ್ಲಿಯ ಪತ್ರಿಕಾ ಸಂಪಾದಕ ವಿಲಿಯಂ ಗೋಚರ್ ಮೊದಲೇ ಸಾರಿ ಹೇಳಿ, ನಡುಹಗಲಲ್ಲೇ ಈಜಿದರು. ಎಂಥ ದಿಟ್ಟತನ! ಮರುವರ್ಷ ಅಲ್ಲಿನ ಪುರಸಭೆ, ಮೈಮುಚ್ಚುವ ಉಡುಪಿನ ಷರತ್ತಿನೊಂದಿಗೆ ನಿರ್ಬಂಧ ಸಡಿಲಿಸಿತು.

ಜನ ನುಗ್ಗಿದರು. ಈಜು ಬಾರದವರನ್ನು ಕಡಲು ಒಳಗೆಳೆಯಿತು. ಆಗ ಹುಟ್ಟಿಕೊಂಡವೇ ಸ್ವಯಂಸೇವಕರ ರಕ್ಷಣಾ ಸಂಘಗಳು. ಅವರ ಸಾಧನ, ಹಗ್ಗ ಸುತ್ತಿದ ದೊಡ್ಡ ರಾಟೆ. ಸೊಂಟಪಟ್ಟಿಗೆ ಆ ಹಗ್ಗ ಬಿಗಿದುಕೊಂಡ ಒಬ್ಬ ಈಜಿ ಹೋಗಿ ಮುಳುಗುವವನನ್ನು ಹಿಡಿದರೆ, ದಡದವರು ಇಬ್ಬರನ್ನೂ ಎಳೆದುಕೊಳ್ಳುತ್ತಿದ್ದರು.

1938ರ ಫೆಬ್ರವರಿ 6, ಭಾನುವಾರ. ಸಿಡ್ನಿಯ ಬೊಂಡೈ ಕಡಲತೀರದಲ್ಲಿ ಒಂದರ ಹಿಂದೊಂದು ಬಂದ ಹೆದ್ದೆರೆಗಳು ನೂರಾರು ಜನರನ್ನು ಸೆಳೆದೊಯ್ದವು. ಐವರು ತೀರಿಕೊಂಡರು. ಸುಮಾರು 250 ಮಂದಿಯನ್ನು ಈ ಸಂಬಳವಿಲ್ಲದ ಸ್ವಯಂಸೇವಕರೇ ದಡ ಸೇರಿಸಿದರು.