ಮೊಲದ ಕಣ್ಣನ್ನು ಬಿಟ್ಟು ಬೇರೆ ದಾರಿ ಇದೆಯಾ?

ಶಾಂಪೂ ಬಾಟಲಿ ಮೇಲೆ ಮೊಲದ ಗುರುತು ಕಂಡರೆ ‘ಸದ್ಯ, ಪ್ರಾಣಿಗಳಿಗೆ ಹಿಂಸೆ ಕೊಟ್ಟಿಲ್ಲ’ ಅಂತ ಸಮಾಧಾನ ಆಗುತ್ತೆ. ಹಾಗಾದ್ರೆ ಕಣ್ಣಿಗೆ ಬಿದ್ದರೆ ತೊಂದರೆ ಇಲ್ಲ ಅಂತ ಅವರಿಗೆ ಗೊತ್ತಾಗಿದ್ದು ಹೇಗೆ?

ಹಳೆಯ ವಿಧಾನ ಡ್ರೇಜ್ ಪರೀಕ್ಷೆ. ಅಮೆರಿಕದ ಎಫ್‌ಡಿಎಯಲ್ಲಿದ್ದ ಜಾನ್ ಡ್ರೇಜ್ ಮತ್ತು ಸಹೋದ್ಯೋಗಿಗಳು 1944ರಲ್ಲಿ ಪ್ರಕಟಿಸಿದ್ದು. ಮೊಲದ ಒಂದು ಕಣ್ಣಿಗೆ 0.1 ಮಿಲಿಲೀಟರ್ ದ್ರವ ಹಾಕಿ, ಇನ್ನೊಂದನ್ನು ಹೋಲಿಕೆಗೆ ಬಿಡುತ್ತಾರೆ. ಕೆಂಪಾಗುವುದು, ಊತ, ಕಾರ್ನಿಯಾ ಮಸುಕಾಗುವುದು ಎಲ್ಲಕ್ಕೂ ಅಂಕ, ಗರಿಷ್ಠ 110. ಗಾಯ ಮಾಯುತ್ತಾ ಅಂತ 21 ದಿನದವರೆಗೂ ಕಾಯುತ್ತಾರೆ.

ಇಂಜಿನಿಯರಿಂಗ್ ಓದಿದ ನನಗೆ ಮೊಲದ ನೋವಿನ ಜೊತೆಗೆ ಕಾಡುವ ಇನ್ನೊಂದು ಪ್ರಶ್ನೆ, ಈ ಅಳತೆಗೋಲೇ ನೆಟ್ಟಗಿದೆಯಾ ಅನ್ನೋದು. 1971ರಲ್ಲಿ ವೈಲ್ ಮತ್ತು ಸ್ಕಾಲಾ 20ಕ್ಕೂ ಹೆಚ್ಚು ಲ್ಯಾಬ್‌ಗಳಿಗೆ ಒಂದೇ ವಸ್ತುಗಳನ್ನು ಕೊಟ್ಟು ನೋಡಿದರು. ಒಂದು ಲ್ಯಾಬ್ ತೀವ್ರ ಅಂದಿದ್ದನ್ನು ಇನ್ನೊಂದು ಏನೂ ಇಲ್ಲ ಅಂದಿತ್ತು! ಅಂಕ ಹಾಕುವುದು ಮನುಷ್ಯರ ಕಣ್ಣಂದಾಜು ತಾನೇ. ಸಾಲದ್ದಕ್ಕೆ ಮೊಲಕ್ಕೆ ಮೂರನೇ ರೆಪ್ಪೆ ಇದೆ, ಕಣ್ಣೀರು ನಮಗಿಂತ ಕಡಿಮೆ.

ಈಗಿರುವ ಬದಲಿ ವಿಧಾನಗಳಲ್ಲಿ ಎರಡು ಮುಖ್ಯ. ಮೊದಲನೆಯದಕ್ಕೆ ಕಸಾಯಿಖಾನೆಯಲ್ಲಿ ಹೇಗೂ ಎಸೆಯುವ ದನದ ಕಣ್ಣು ಸಾಕು. ಅದರ ಕಾರ್ನಿಯಾಗೆ ರಾಸಾಯನಿಕ ತಾಗಿಸಿ, ಎಷ್ಟು ಬೆಳಕು ತಡೆಯಿತು, ಫ್ಲೋರೆಸೀನ್ ಬಣ್ಣ ಎಷ್ಟು ಸೋರಿತು ಅಂತ ಯಂತ್ರದಲ್ಲಿ ಅಳೆಯುತ್ತಾರೆ. ಒಇಸಿಡಿ ಇದನ್ನು ಒಪ್ಪಿದ್ದು 2009ರಲ್ಲಿ. ಅಂಕ 55 ದಾಟಿದರೆ ಗಂಭೀರ ಹಾನಿ, 3 ಅಥವಾ ಕಡಿಮೆ ಇದ್ದರೆ ಸುರಕ್ಷಿತ. ಎರಡನೆಯದರಲ್ಲಿ ಮಾನವ ಜೀವಕೋಶಗಳಿಂದ ಕಾರ್ನಿಯಾದಂಥ ಪದರ ಬೆಳೆಸಿ, ರಾಸಾಯನಿಕ ಹಾಕಿದ ಮೇಲೆ ಎಷ್ಟು ಕೋಶ ಬದುಕಿವೆ ಅಂತ ನೋಡುತ್ತಾರೆ. ಶೇ 60ಕ್ಕಿಂತ ಹೆಚ್ಚು ಉಳಿದಿದ್ದರೆ ಪಾಸ್.

ಎಡವಟ್ಟಾಗುವುದು ನಡುವಿನದ್ದರಲ್ಲಿ. ಉರಿಸುತ್ತೆ, ಆದರೆ ವಾರ ಎರಡು ವಾರದಲ್ಲಿ ವಾಸಿಯಾಗುತ್ತೆ, ಇಂಥ ರಾಸಾಯನಿಕಗಳು. ಕಿತ್ತು ತಂದ ಕಾರ್ನಿಯಾ ಮಾಯುವುದಿಲ್ಲವಲ್ಲ! ಮೊಲ ಇಷ್ಟು ವರ್ಷ ಲ್ಯಾಬ್‌ನಲ್ಲೇ ಉಳಿಯಲು ಇದೂ ಒಂದು ಕಾರಣ. ಒಂದೇ ಪರೀಕ್ಷೆಯಿಂದ ಇದು ಬಗೆಹರಿಯಲ್ಲ ಅಂತ ಒಪ್ಪಿಕೊಂಡ ಮೇಲೆ, 2022ರಲ್ಲಿ ಒಇಸಿಡಿ ಎರಡೂ ವಿಧಾನಗಳ ಫಲಿತಾಂಶವನ್ನು ರಾಸಾಯನಿಕದ ಭೌತಿಕ ಗುಣಗಳ ಜೊತೆ ಸೇರಿಸಿ ನಿರ್ಧರಿಸುವ ಮಾರ್ಗಸೂಚಿ ತಂದಿತು. ಆಗ ಅದು ದ್ರವಗಳಿಗೆ ಮಾತ್ರ. ಇನ್ನೊಂದು ತಮಾಷೆ: ಹೊಸ ವಿಧಾನ ಸರಿಯೋ ತಪ್ಪೋ ಅಂತ ತಾಳೆ ನೋಡಿದ್ದು ಬಹುಪಾಲು ಹಳೆಯ ಮೊಲದ ಅಂಕಗಳಿಗೇ. ಸವೆದ ಸೇರಿನಲ್ಲಿ ಹೊಸ ಸೇರನ್ನು ಅಳೆದ ಹಾಗೆ.

ಭಾರತ 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದ್ದನ್ನು ಆಮದು ಮಾಡುವುದನ್ನೂ ನಿಷೇಧಿಸಿತು. ಒಳ್ಳೆಯದೇ. ಆದರೆ ಆ ನಿಷೇಧ ಕಾಡಿಗೆ, ಶಾಂಪೂಗಷ್ಟೇ. ಹೊಲದಲ್ಲಿ ಕನ್ನಡಕವೂ ಇಲ್ಲದೆ ಔಷಧಿ ಹೊಡೆಯುವವರ ಕಣ್ಣಿಗೆ ಸಿಡಿಯುವ ಕೀಟನಾಶಕ ಅದರ ವ್ಯಾಪ್ತಿಗೆ ಬರುವುದಿಲ್ಲ.