ಸಾಮಾಜಿಕ ಹೊಣೆಯ ಹೂಡಿಕೆ: ವಿಶ್ವವಿದ್ಯಾಲಯ ಅಧ್ಯಯನ

ಹಣ ಹೂಡುವಾಗ ಲಾಭನಷ್ಟಗಳ ಅಂದಾಜಿನ ಜೊತೆಗೆ, ಆ ಹಣ ಜನಜೀವನದ ಮೇಲೂ ನೆಲಜಲಗಳ ಮೇಲೂ ಉಂಟುಮಾಡುವ ಪರಿಣಾಮವನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಗೆ ಸಾಮಾಜಿಕ ಹೊಣೆಯ ಹೂಡಿಕೆ ಎಂದು ಹೆಸರು. ಷೇರುಪೇಟೆಯಲ್ಲಿ ವಹಿವಾಟಾಗುವ ಷೇರು, ಬಾಂಡ್‌ಗಳನ್ನು ಬಿಟ್ಟು ಖಾಸಗಿ ಕಂಪನಿಗಳ ಪಾಲು, ಸಾಹಸ ಬಂಡವಾಳ, ಜಮೀನು, ಮರದ ತೋಪು, ಮೂಲಸೌಕರ್ಯ ಮೊದಲಾದವುಗಳಲ್ಲಿ ಹಣ ತೊಡಗಿಸುವುದು ಪರ್ಯಾಯ ಹೂಡಿಕೆ. ಮೊದಲನೆಯದು ಹೂಡಿಕೆಯ ಉದ್ದೇಶವನ್ನೂ ಎರಡನೆಯದು ಅದರ ಬಗೆಯನ್ನೂ ಸೂಚಿಸುವುದರಿಂದ ಇವೆರಡೂ ಒಂದೇ ಅಲ್ಲ. ಆದರೆ ಕಿರುಸಾಲ, ಸೌರವಿದ್ಯುತ್, ಅಗ್ಗದ ವಸತಿಯಂಥ ಕ್ಷೇತ್ರಗಳ ಎಷ್ಟೋ ಉದ್ಯಮಗಳು ಷೇರುಪೇಟೆಯ ಹೊರಗೇ ಬೆಳೆಯುವುದರಿಂದ ಎರಡನ್ನೂ ಒಟ್ಟಿಗೆ ಕಲಿಸುವುದುಂಟು. ಈ ಅಧ್ಯಯನಕ್ಕೆ ಒಂದು ವಿಶೇಷವಿದೆ: ಇದನ್ನು ಬೋಧಿಸುವ ಹಲವು ದೊಡ್ಡ ವಿಶ್ವವಿದ್ಯಾಲಯಗಳು ತಾವೇ ಭಾರಿ ದತ್ತಿನಿಧಿಗಳ ಒಡೆಯರು. ತರಗತಿಯಲ್ಲಿ ಎದ್ದ ಪ್ರಶ್ನೆ ಖಜಾನೆಯ ಬಾಗಿಲನ್ನೂ ತಟ್ಟುತ್ತದೆ.

ಹಿನ್ನೆಲೆ

ಈ ವಿಚಾರದ ಬೇರು ಧಾರ್ಮಿಕ ಸಮುದಾಯಗಳಲ್ಲಿದೆ. ಗುಲಾಮರನ್ನು ಕೊಂಡು ಮಾರುವ ಸದಸ್ಯರನ್ನು ಫಿಲಡೆಲ್ಫಿಯದ ಕ್ವೇಕರ್ ಪಂಥದ ವಾರ್ಷಿಕ ಸಭೆ 1758ರಲ್ಲಿ ತನ್ನ ಆಡಳಿತದಿಂದ ದೂರವಿಟ್ಟಿತು. ನೆರೆಯವನಿಗೆ ಕೇಡು ಮಾಡಿ ಗಳಿಸಬಾರದೆಂದು ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಬೋಧಿಸಿದ. ಬಡ್ಡಿಯನ್ನು ನಿಷೇಧಿಸುವ ಇಸ್ಲಾಮಿಕ್ ಹಣಕಾಸು ಪದ್ಧತಿಯೂ ಇದೇ ಸಾಲಿನದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಯುದ್ಧಸಾಮಗ್ರಿಯ ಉದ್ಯಮಗಳಲ್ಲಿ ಹಣ ತೊಡಗಿಸಲು ಒಲ್ಲದವರಿಗಾಗಿ 1971ರಲ್ಲಿ ಅಮೆರಿಕದಲ್ಲಿ ಪ್ಯಾಕ್ಸ್ ವರ್ಲ್ಡ್ ಫಂಡ್ ಆರಂಭವಾಯಿತು.

ಯೇಲ್ ಸೆಮಿನಾರ್

ವಿಶ್ವವಿದ್ಯಾಲಯದ ಮಟ್ಟದ ವ್ಯವಸ್ಥಿತ ಅಧ್ಯಯನಕ್ಕೆ ಮುಖ್ಯ ಮಾದರಿ ಯೇಲ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಆರಂಭವಾದ ಒಂದು ಸೆಮಿನಾರ್. ತಾನು ಷೇರು ಹೊಂದಿರುವ ಕಂಪನಿ ಸಮಾಜಕ್ಕೆ ಹಾನಿ ಮಾಡಿದರೆ ವಿಶ್ವವಿದ್ಯಾಲಯದ ಕರ್ತವ್ಯವೇನು ಎಂಬುದು ಅದರ ಪ್ರಶ್ನೆ. ಆ ಚರ್ಚೆಯ ಫಲವಾಗಿ ಜಾನ್ ಸೈಮನ್, ಚಾರ್ಲ್ಸ್ ಪವರ್ಸ್, ಜಾನ್ ಗನ್ನೆಮನ್ ಬರೆದ ‘ದಿ ಎಥಿಕಲ್ ಇನ್ವೆಸ್ಟರ್’ 1972ರಲ್ಲಿ ಪ್ರಕಟವಾಯಿತು. ಅದರಲ್ಲಿನ ಮಾರ್ಗಸೂಚಿಯನ್ನು ಯೇಲ್ ಅದೇ ವರ್ಷ ತನ್ನ ದತ್ತಿನಿಧಿಗೆ ಅಳವಡಿಸಿಕೊಂಡಿತು.

ಒಳಿತು ಮಾಡುವ ಹೊಣೆಗಿಂತ ಕೇಡನ್ನು ತಪ್ಪಿಸುವ ಹೊಣೆ ಹೆಚ್ಚು ಬಿಗಿಯಾದದ್ದು ಎಂಬುದು ಈ ಗ್ರಂಥದ ತಿರುಳು. 1964ರಲ್ಲಿ ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಯುವತಿಯೊಬ್ಬಳ ಕೊಲೆ ನಡೆದಾಗ ನೆರೆಯವರು ಸಹಾಯಕ್ಕೆ ಬರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದ್ದವು. ಆ ವರದಿಯ ಎಲ್ಲ ವಿವರ ನಿಜವಲ್ಲವೆಂದು ಮುಂದೆ ತಿಳಿದುಬಂದರೂ ಅದು ಎಬ್ಬಿಸಿದ ಪ್ರಶ್ನೆಯಿಂದ ಲೇಖಕರು ‘ಕ್ಯೂ ಗಾರ್ಡನ್ಸ್ ಸೂತ್ರ’ವನ್ನು ರೂಪಿಸಿದರು. ತಾನು ಮಾಡದ ಕೇಡನ್ನೂ ತಡೆಯಲು ಒಬ್ಬ ಮುಂದಾಗಬೇಕೆ ಎಂಬುದನ್ನು ಅದು ನಾಲ್ಕು ಅಂಶಗಳಿಂದ ತೂಗುತ್ತದೆ: ತೊಂದರೆಯ ತೀವ್ರತೆ, ಅದಕ್ಕೆ ಅವನಿರುವ ಸಾಮೀಪ್ಯ, ನೆರವಾಗುವ ಸಾಮರ್ಥ್ಯ, ಬೇರಾರೂ ಮುಂದೆ ಬರದಿರುವ ಸ್ಥಿತಿ. ಷೇರುದಾರ ತಾನು ಬರಿಯ ನೋಡುಗನೆಂದು ಹೇಳಿ ಕೈತೊಳೆದುಕೊಳ್ಳಲಾಗದು ಎಂಬ ತೀರ್ಮಾನಕ್ಕೆ ಈ ವಾದ ದಾರಿಮಾಡಿತು.

ದಕ್ಷಿಣ ಆಫ್ರಿಕದ ಪ್ರಶ್ನೆ

ಈ ತತ್ತ್ವ ಒರೆಗೆ ಬಿದ್ದದ್ದು ವರ್ಣಭೇದ ನೀತಿಯ ವಿರುದ್ಧದ ಹೋರಾಟದಲ್ಲಿ. ದಕ್ಷಿಣ ಆಫ್ರಿಕದಲ್ಲಿ ವ್ಯವಹರಿಸುವ ಅಮೆರಿಕನ್ ಕಂಪನಿಗಳು ಉದ್ಯೋಗಿಗಳನ್ನು ಸಮಾನವಾಗಿ ಕಾಣಬೇಕೆಂದು ಪಾದ್ರಿ ಲಿಯಾನ್ ಸಲಿವನ್ 1977ರಲ್ಲಿ ನಿಯಮಾವಳಿ ರೂಪಿಸಿದರು. ಅದೇ ವರ್ಷ ಹ್ಯಾಂಪ್‌ಷೈರ್ ಕಾಲೇಜು ಅಂಥ ಕಂಪನಿಗಳ ಷೇರುಗಳನ್ನೇ ಮಾರಿತು. ವಿದ್ಯಾರ್ಥಿಗಳ ಚಳವಳಿ ಹಬ್ಬಿ 1986ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವೂ ಬಂಡವಾಳ ಹಿಂತೆಗೆಯಲು ನಿರ್ಧರಿಸಿತು. ಒಳಗಿದ್ದು ತಿದ್ದುವ ದಾರಿಯನ್ನು ತೋರಿಸಿದ್ದ ಸಲಿವನ್ನರೇ 1987ರಲ್ಲಿ, ಆ ದಾರಿಯಿಂದ ವರ್ಣಭೇದ ಕೊನೆಗೊಳ್ಳಲಿಲ್ಲವೆಂದು, ಕಂಪನಿಗಳು ಆ ದೇಶವನ್ನು ಬಿಟ್ಟು ಹೊರಡಬೇಕೆಂದು ಕರೆಕೊಟ್ಟರು. ಷೇರು ಇಟ್ಟುಕೊಂಡು ದನಿಯೆತ್ತಬೇಕೆ, ಮಾರಿ ಹೊರಬರಬೇಕೆ ಎಂಬ ಪ್ರಶ್ನೆಯನ್ನು ಇಂದಿಗೂ ಈ ನಿದರ್ಶನದಿಂದಲೇ ವಿವರಿಸುವುದುಂಟು. ಕಲ್ಲಿದ್ದಲು, ತೈಲ ಕಂಪನಿಗಳ ವಿಷಯದಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದಿದೆ.

ಪರ್ಯಾಯ ಹೂಡಿಕೆಯ ಬೋಧನೆ

ಈ ಕ್ಷೇತ್ರದಲ್ಲೂ ಯೇಲ್ ಹೆಸರು ಮುಂದಿದೆ. 1985ರಲ್ಲಿ ಡೇವಿಡ್ ಸ್ವೆನ್ಸನ್ ದತ್ತಿನಿಧಿಯ ಹೊಣೆ ಹೊತ್ತಾಗ ಅದರ ಮೊತ್ತ ಸುಮಾರು 130 ಕೋಟಿ ಡಾಲರ್. ಬಹುಪಾಲು ಅಮೆರಿಕದ ಷೇರು, ಬಾಂಡ್‌ಗಳಲ್ಲಿತ್ತು. ಅವರು ಖಾಸಗಿ ಕಂಪನಿಗಳು, ಸಾಹಸ ಬಂಡವಾಳ, ಸ್ಥಿರಾಸ್ತಿ, ಮರದ ತೋಪುಗಳತ್ತ ಹಣ ತಿರುಗಿಸಿದರು. 2020ರ ವೇಳೆಗೆ ನಿಧಿ 3,000 ಕೋಟಿ ಡಾಲರ್ ದಾಟಿತ್ತು. ಈ ಕ್ರಮ ‘ಯೇಲ್ ಮಾದರಿ’ ಎಂದು ಪಠ್ಯವಾಯಿತು. ನೂರಾರು ವರ್ಷ ಬಾಳಬೇಕಾದ ಸಂಸ್ಥೆ, ಬೇಗ ಮಾರಲಾಗದ ಆಸ್ತಿಯನ್ನೂ ತಾಳ್ಮೆಯಿಂದ ಇಟ್ಟುಕೊಳ್ಳಬಲ್ಲದೆಂಬುದು ಇದರ ತರ್ಕ. ಆದರೆ ಇಂಥ ಆಸ್ತಿಗಳಿಗೆ ದಿನದಿನದ ಪೇಟೆಯ ಬೆಲೆ ಇಲ್ಲ, ಶುಲ್ಕ ಹೆಚ್ಚು, ಮಾಹಿತಿ ಕಡಿಮೆ. ಹಣ ಎಲ್ಲಿ ಏನು ಮಾಡುತ್ತಿದೆಯೆಂದು ತಿಳಿಯುವುದೂ ಕಷ್ಟ. ಹೊಣೆಯ ಪ್ರಶ್ನೆ ಇಲ್ಲಿ ಇನ್ನಷ್ಟು ತೊಡಕಾಗುತ್ತದೆ.

ಪಠ್ಯವಿಷಯ ಮತ್ತು ವಾದಗಳು

ಅಧ್ಯಯನದ ಬುನಾದಿ ಹಣಕಾಸು ಶಾಸ್ತ್ರವೇ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಮಂಡಿಸಿದ ಹೂಡಿಕೆ ಹಂಚಿಕೆಯ ಸಿದ್ಧಾಂತದ ಪ್ರಕಾರ ಆಯ್ಕೆಯ ವ್ಯಾಪ್ತಿಯನ್ನು ಕುಗ್ಗಿಸಿದರೆ ಫಲಿತಾಂಶ ಉತ್ತಮವಾಗದು. ಹೀಗಿರುವಾಗ ಮದ್ಯ, ತಂಬಾಕುಗಳ ಷೇರು ಬಿಟ್ಟರೆ ತೆರಬೇಕಾದ ಬೆಲೆಯೆಷ್ಟು? ಅಂಥ ಷೇರುಗಳನ್ನು ಹಲವರು ದೂರವಿಡುವುದರಿಂದಲೇ ಅವು ಹೆಚ್ಚು ಪ್ರತಿಫಲ ಕೊಟ್ಟಿವೆ ಎಂದು ಸಂಶೋಧಕರಾದ ಹಾಂಗ್ ಮತ್ತು ಕಾಪರ್‌ಚಿಕ್ 2009ರಲ್ಲಿ ವಾದಿಸಿದರು. ಎರಡು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ಸಮೀಕ್ಷೆಯೊಂದು, ಕಂಪನಿಗಳ ಹೊಣೆಯ ನಡವಳಿಕೆಗೂ ಹಣಕಾಸಿನ ಸಾಧನೆಗೂ ಬಹುತೇಕ ಕಡೆ ಪ್ರತಿಕೂಲ ಸಂಬಂಧವಿಲ್ಲವೆಂದಿತು. ಲಾಭ ಗಳಿಸುವುದೇ ಉದ್ಯಮದ ಸಾಮಾಜಿಕ ಹೊಣೆ ಎಂದು 1970ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಬರೆದ ಲೇಖನವನ್ನೂ ವಿದ್ಯಾರ್ಥಿಗಳು ಓದುತ್ತಾರೆ.

ಅಳತೆಯ ಪ್ರಶ್ನೆ ಇನ್ನೂ ಕಠಿಣವಾದದ್ದು. ಪರಿಸರ, ಸಮಾಜ, ಆಡಳಿತ ಎಂಬ ಮೂರು ಅಂಶಗಳ ಇಎಸ್‌ಜಿ ಪದ 2004ರ ವಿಶ್ವಸಂಸ್ಥೆಯ ವರದಿಯಿಂದ ಬಳಕೆಗೆ ಬಂತು. ಆದರೆ ಒಂದೇ ಕಂಪನಿಗೆ ಬೇರೆ ಬೇರೆ ಸಂಸ್ಥೆಗಳು ಕೊಡುವ ಇಎಸ್‌ಜಿ ಅಂಕಗಳು ಒಂದಕ್ಕೊಂದು ಅಷ್ಟಾಗಿ ಹೊಂದುವುದಿಲ್ಲ. ಆರು ಸಂಸ್ಥೆಗಳ ಅಂಕಗಳನ್ನು ಹೋಲಿಸಿದ ಬರ್ಗ್, ಕೋಲ್ಬೆಲ್, ರಿಗೊಬಾನ್‌ರ ಅಧ್ಯಯನದಲ್ಲಿ ಸರಾಸರಿ ಸಹಸಂಬಂಧ 0.54 ಮಾತ್ರ. ಅಂಕವನ್ನು ನಂಬದೆ ಅದನ್ನು ಕಟ್ಟಿದ ಬಗೆಯನ್ನು ಬಿಡಿಸಿ ನೋಡುವುದು ಆದ್ದರಿಂದ ಈ ಕಲಿಕೆಯ ಮೊದಲ ಪಾಠ. ಬರ್ಕ್ಲಿಯ ಹಾಸ್ ಬಿಸಿನೆಸ್ ಸ್ಕೂಲಿನಲ್ಲಿ 2008ರಿಂದ ವಿದ್ಯಾರ್ಥಿಗಳೇ ನಡೆಸುವ ಹೊಣೆಯ ಹೂಡಿಕೆ ನಿಧಿಯಿದ್ದು, ಅಲ್ಲಿ ನಿಜವಾದ ಹಣದ ಮೇಲೆ ಈ ಪಾಠ ನಡೆಯುತ್ತದೆ.

ಭಾರತದಲ್ಲಿ

ಭಾರತದ ವಿದ್ಯಾರ್ಥಿಗೆ ಅಧ್ಯಯನದ ಸಾಮಗ್ರಿ ಒದಗಿಸಿದ್ದು ಮುಖ್ಯವಾಗಿ ಕಾನೂನು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳು ಸಾಮಾಜಿಕ ಉದ್ಯಮಗಳ ನಿಧಿಗಳನ್ನು ಮೊದಲ ವರ್ಗದಲ್ಲಿ ಸೇರಿಸಿದವು. ಮಾರುಕಟ್ಟೆ ಮೌಲ್ಯದಲ್ಲಿ ಮುಂಚೂಣಿಯ 1,000 ಕಂಪನಿಗಳು 2022–23ರಿಂದ ತಮ್ಮ ಪರಿಸರ, ಸಾಮಾಜಿಕ ಹೊಣೆಯ ವರದಿಯನ್ನು ಬಿಆರ್‌ಎಸ್‌ಆರ್ ನಮೂನೆಯಲ್ಲಿ ಕಡ್ಡಾಯವಾಗಿ ಕೊಡಬೇಕು. 2013ರ ಕಂಪನಿ ಕಾಯಿದೆ ನಿಗದಿಮಾಡಿದ ಶೇ. 2ರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ವೆಚ್ಚ ಇದಕ್ಕಿಂತ ಬೇರೆ: ಅದು ಕಂಪನಿ ತನ್ನ ಲಾಭದಿಂದ ಮಾಡುವ ಖರ್ಚು, ಹೂಡಿಕೆಯಲ್ಲ.

ಸಮಾಜಸೇವೆಯ ಸಂಸ್ಥೆಗಳು ಹಣ ಸಂಗ್ರಹಿಸಬಹುದಾದ ಸಾಮಾಜಿಕ ಷೇರು ವಿನಿಮಯ ಕೇಂದ್ರದ ವ್ಯವಸ್ಥೆಗೆ ಸೆಬಿ 2022ರಲ್ಲಿ ನಿಯಮ ರೂಪಿಸಿತು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) ಈ ವಿಭಾಗದಲ್ಲಿ 2023ರ ಡಿಸೆಂಬರ್‌ನಲ್ಲಿ ಮೊದಲು ಪಟ್ಟಿಯಾದದ್ದು, ಯುವಜನರಿಗೆ ಉದ್ಯೋಗ ತರಬೇತಿ ನೀಡುವ ಬೆಂಗಳೂರಿನ ಉನ್ನತಿ ಪ್ರತಿಷ್ಠಾನ. ಹಣ ಸಂಗ್ರಹಿಸಲು ಅದು ಬಳಸಿದ ಪತ್ರಕ್ಕೆ ಬಡ್ಡಿಯೂ ಇಲ್ಲ, ಅಸಲೂ ಮರಳಿ ಬರುವುದಿಲ್ಲ. ಭರವಸೆ ಕೊಟ್ಟ ಸಾಮಾಜಿಕ ಫಲವೇ ಹೂಡಿದವರಿಗೆ ಸಿಗುವ ಪ್ರತಿಫಲ. ದಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಲೆಕ್ಕ ಒಪ್ಪಿಸುವ ಕಟ್ಟುಪಾಡಿನಲ್ಲಿದೆ: ಮಾಡಿದ ಕೆಲಸದ ಪರಿಣಾಮವನ್ನು ಸ್ವತಂತ್ರ ಮೌಲ್ಯಮಾಪಕರು ಪರಿಶೀಲಿಸಬೇಕು. ಅಂಥ ಮೌಲ್ಯಮಾಪಕರಿಗೆಂದೇ ಸೆಬಿಯ ಶಿಕ್ಷಣ ಸಂಸ್ಥೆಯಾದ ಎನ್‌ಐಎಸ್‌ಎಂ ಅರ್ಹತಾ ಪರೀಕ್ಷೆ ನಡೆಸುತ್ತದೆ. ತರಬೇತಿ ಪಡೆದ ಹುಡುಗಿಗೆ ಕೆಲಸ ಸಿಕ್ಕಿತೆ, ಸಿಕ್ಕಿದ ಕೆಲಸದಲ್ಲಿ ಅವಳು ಉಳಿದಳೆ ಎಂಬುದನ್ನು ಲಾಭಾಂಶದಷ್ಟೇ ನಿಖರವಾಗಿ ಲೆಕ್ಕ ಹಿಡಿಯಬಲ್ಲವರನ್ನು ತಯಾರು ಮಾಡುವುದು ಈ ಅಧ್ಯಯನದ ಹೊಣೆ.