ಮನೆಯೇ ಪಾಠಶಾಲೆಯಾದಾಗ



ಹರೆಯಕ್ಕೆ ಕಾಲಿಟ್ಟ ಮಗನನ್ನೋ ಮಗಳನ್ನೋ ಶಾಲೆ ಬಿಡಿಸಿ ಮನೆಯಲ್ಲಿಯೇ ಓದಿಸುವುದು ಲೇಸೇ ಎಂಬ ಪ್ರಶ್ನೆ ಅಮೆರಿಕೆಯಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಆಗಾಗ ಏಳುತ್ತದೆ. ನಮ್ಮ ಮನೆಯಲ್ಲಿಯೂ ಎದ್ದಿತ್ತು. ಹೊಸದೆಂದು ತೋರುವ ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದರ ಎರಡು ಪ್ರಸಂಗಗಳನ್ನು ಇಂದು ನಿಮ್ಮ ಮುಂದಿಡಬಯಸುತ್ತೇವೆ.

ಮೊದಲನೆಯದು ನಮ್ಮಂತೆಯೇ ಕಡಲು ದಾಟಿದ ಭಾರತೀಯ ಕುಟುಂಬವೊಂದರದು. 1897ರಲ್ಲಿ ಗಾಂಧೀಜಿಯವರು ಸಂಸಾರಸಮೇತರಾಗಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಇಳಿದಾಗ ಇಬ್ಬರು ಗಂಡುಮಕ್ಕಳೂ ಸೋದರಿಯ ಮಗನೊಬ್ಬನೂ ಜೊತೆಯಲ್ಲಿದ್ದರು. ಐರೋಪ್ಯರ ಶಾಲೆಯಲ್ಲಿ ವಿಶೇಷ ಕೃಪೆಯಿಂದ ಪ್ರವೇಶ ದೊರೆಯಬಹುದಿತ್ತು. ಉಳಿದ ಭಾರತೀಯ ಮಕ್ಕಳಿಗೆ ಇಲ್ಲದ ಕೃಪೆ ತಮ್ಮವರಿಗೂ ಬೇಡವೆಂದು ಅವರು ನಿರ್ಧರಿಸಿದರು. ಮಿಷನರಿ ಶಾಲೆಗಳೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಇಂಗ್ಲಿಷ್ ಶಿಕ್ಷಕಿಯೊಬ್ಬರನ್ನು ಮನೆಗೆ ನೇಮಿಸಿದರು. ಬಿಡುವಾದಾಗ ತಾವೂ ಕಲಿಸಿದರು, ಮಕ್ಕಳೊಡನೆ ಗುಜರಾತಿಯಲ್ಲಿಯೇ ಮಾತನಾಡಿದರು. ಆದರೆ ಸಾರ್ವಜನಿಕ ಕಾರ್ಯಗಳ ನಡುವೆ ಅವರಿಗೆ ಬಿಡುವು ದೊರೆಯುತ್ತಿದ್ದುದೇ ಅಪರೂಪ.

ಹಿರಿಯ ಮಗ ಹರಿಲಾಲ ಬೆಳೆದಂತೆಲ್ಲ ಕ್ರಮಬದ್ಧವಾದ ಶಿಕ್ಷಣಕ್ಕಾಗಿ ಹಂಬಲಿಸಿದ. ಇಪ್ಪತ್ತು ದಾಟಿದ ಮೇಲೆ, 1911ರಲ್ಲಿ, ತಂದೆಯನ್ನು ಬಿಟ್ಟು ಅಹಮದಾಬಾದಿಗೆ ಬಂದು ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಓದತೊಡಗಿದ. ಮಕ್ಕಳ ಅಸಮಾಧಾನಕ್ಕೆ ಕಾರಣವುಂಟೆಂದು ಗಾಂಧೀಜಿಯವರು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಶಾಲೆ ಕೊಡಲಾರದ ಸ್ವಾತಂತ್ರ್ಯ ಮತ್ತು ಸ್ವಾಭಿಮಾನದ ಪಾಠ ಅವರಿಗೆ ದೊರೆಯಿತೆಂದೂ ವಾದಿಸಿದ್ದಾರೆ. ತತ್ತ್ವ ತಂದೆಯದು; ಅದಕ್ಕೆ ಬೆಲೆ ತೆತ್ತವನು ಮಗ.

ಎರಡನೆಯ ಪ್ರಸಂಗ ಅಮೆರಿಕೆಯದೇ. ಇಲ್ಲಿ ಕಡ್ಡಾಯ ಶಿಕ್ಷಣದ ಶಾಸನವನ್ನು ಮೊದಲು ತಂದ ರಾಜ್ಯ ಮ್ಯಾಸಚೂಸೆಟ್ಸ್, 1852ರಲ್ಲಿ. ಕೊನೆಗೆ ತಂದದ್ದು ಮಿಸಿಸಿಪ್ಪಿ, 1918ರಲ್ಲಿ. ವಿಸ್ಕಾನ್ಸಿನ್ ರಾಜ್ಯದಲ್ಲಿ 16 ವರ್ಷ ತುಂಬುವವರೆಗೆ ಮಕ್ಕಳು ಶಾಲೆಯಲ್ಲಿರಬೇಕಿತ್ತು. ಅಲ್ಲಿನ ಆಮಿಶ್ ಪರಂಪರೆಯ ಮೂವರು ತಂದೆಯರು 14–15 ವಯಸ್ಸಿನ ತಮ್ಮ ಮಕ್ಕಳನ್ನು ಎಂಟನೆಯ ತರಗತಿಯ ನಂತರ ಪ್ರೌಢಶಾಲೆಗೆ ಕಳುಹಿಸಲಿಲ್ಲ. ಮುಂದಿನ ವಿದ್ಯೆ ಹೊಲದಲ್ಲಿ, ಮನೆಗೆಲಸದಲ್ಲಿ, ದೈವಭಕ್ತಿಯಲ್ಲಿ ಎಂಬುದು ಅವರ ನಂಬಿಕೆ. ನ್ಯಾಯಾಲಯ ಅವರಿಗೆ ತಲಾ 5 ಡಾಲರ್ ದಂಡ ವಿಧಿಸಿತು. ಆ ಅಲ್ಪ ದಂಡದ ಮೊಕದ್ದಮೆಯೇ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿ, 1972ರ ಮೇ 15ರಂದು ತಂದೆತಾಯಿಗಳ ಪರವಾಗಿ ತೀರ್ಪಾಯಿತು. ಆದರೆ ಈ ರಕ್ಷಣೆ ಧಾರ್ಮಿಕ ನಂಬಿಕೆಗೇ ಹೊರತು ಶಿಕ್ಷಣದ ಬಗೆಗಿನ ಸ್ವಂತ ಅಭಿರುಚಿಗಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಬರ್ಗರ್ ಸ್ಪಷ್ಟಪಡಿಸಿದರು.

ಇದೇ ತೀರ್ಪಿನಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಅವರ ಭಾಗಶಃ ಭಿನ್ನಮತ ನಮ್ಮ ಮಟ್ಟಿಗೆ ಅತ್ಯಂತ ಮಹತ್ವದ್ದು. ಮೂವರು ಮಕ್ಕಳ ಪೈಕಿ ಸಾಕ್ಷಿ ನುಡಿದವಳು ಯೋಡರ್ ಎಂಬವರ ಮಗಳೊಬ್ಬಳೇ. ಉಳಿದಿಬ್ಬರನ್ನು ಕೇಳಿದವರೇ ಇಲ್ಲವಲ್ಲ ಎಂದರು ಡಗ್ಲಾಸ್. ಆ ಮಗು ಪಿಯಾನೋ ವಾದಕನಾಗಬಯಸಬಹುದು, ಗಗನಯಾತ್ರಿಯಾಗಬಯಸಬಹುದು. ಬಾಳು ಅದರದಾಗಿರುವಾಗ ಮಾತೂ ಅದರದಿರಬೇಕು ಎಂಬುದು ಅವರ ವಾದದ ತಿರುಳು.

ಮನೆಪಾಠದ ಹಕ್ಕು ವ್ಯಾಪಕವಾದದ್ದು ಆ ಬಳಿಕ, ಮುಖ್ಯವಾಗಿ ರಾಜ್ಯಗಳ ಶಾಸನಗಳಿಂದ. 1977ರಲ್ಲಿ ಜಾನ್ ಹೋಲ್ಟ್ ಮನೆಪಾಠದ ಪೋಷಕರಿಗಾಗಿಯೇ ಪತ್ರಿಕೆಯೊಂದನ್ನು ಆರಂಭಿಸಿದರು. 1993ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಅದು ಕಾನೂನುಬದ್ಧವಾಗಿತ್ತು. ನಿಯಮಗಳು ಮಾತ್ರ ಒಂದೇ ತೆರನಾಗಿಲ್ಲ: ನ್ಯೂಯಾರ್ಕಿನಲ್ಲಿ ಪಾಠಯೋಜನೆಯನ್ನೂ ಮೂರು ತಿಂಗಳಿಗೊಮ್ಮೆ ವರದಿಯನ್ನೂ ಸಲ್ಲಿಸಬೇಕು, ಟೆಕ್ಸಾಸಿನಲ್ಲಿ ಅಂತಹ ವರದಿಯ ಕಟ್ಟುಪಾಡಿಲ್ಲ. ನಿರ್ಧಾರಕ್ಕೆ ಮೊದಲು ತಂತಮ್ಮ ರಾಜ್ಯದ ಕಾನೂನನ್ನು ಓದುವುದು ವಿಹಿತ.

ಕಾನೂನನ್ನು ನಾವೂ ಓದಿದ್ದೆವು. ಒಂಬತ್ತನೆಯ ತರಗತಿಯಲ್ಲಿದ್ದ ಮಗ ಶಾಲೆಯಿಂದ ಬಂದವನೇ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಕಾಲವದು. ಗಣಿತ ಯಾರು, ಇತಿಹಾಸ ಯಾರು, ದಿನಕ್ಕೊಂದು ಗಂಟೆ ಕನ್ನಡ ಯಾರು ಕಲಿಸಬೇಕೆಂದು ಹಲವು ರಾತ್ರಿ ಕುಳಿತು ವೇಳಾಪಟ್ಟಿ ಬರೆದೆವು. ಅವನನ್ನು ಕೇಳಿದ್ದು ಎಲ್ಲಕ್ಕಿಂತ ಕೊನೆಗೆ. ಪ್ರಯೋಗಶಾಲೆಯೂ ವಾದ್ಯಗೋಷ್ಠಿಯೂ ಅವನಿಗೆ ಬೇಕಿದ್ದವು. ಸಹಿಸಲಾಗದ್ದು ಹೀಯಾಳಿಕೆಯ ನಡುವೆ ಕಳೆಯಬೇಕಾಗಿದ್ದ ಮಧ್ಯಾಹ್ನದ ಊಟದ ಹೊತ್ತು. ಶಾಲೆಯವರೊಡನೆ ಮಾತನಾಡಿ, ಆ ಹೊತ್ತನ್ನು ಅವನು ಗ್ರಂಥಾಲಯದಲ್ಲಿ ಕಳೆಯುವಂತೆ ಏರ್ಪಾಡು ಮಾಡಿಸಿದೆವು. ವೇಳಾಪಟ್ಟಿಯಲ್ಲಿ ಉಳಿದದ್ದು ಕನ್ನಡದ ಒಂದು ಗಂಟೆ ಮಾತ್ರ, ಅದೂ ಭಾನುವಾರ.

ಇನ್ನೊಂದು ಮನೆಯಲ್ಲಿ ಉತ್ತರ ಬೇರೆಯಾಗಬಹುದು. ಮನೆಪಾಠದಲ್ಲಿಯೇ ಅರಳುವ ಮಕ್ಕಳೂ ಉಂಟು. ಹದಿನಾರಕ್ಕೆ ಬಂದ ಮಗನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಮಿತ್ರನ ವಿಷಯವನ್ನು ಮಿತ್ರನನ್ನು ಕೇಳದೆ ಯಾರೂ ತೀರ್ಮಾನಿಸುವುದಿಲ್ಲವಷ್ಟೆ.